ಸೊನ್ನೆಯ ಮೇಲೆ ಮಲಗಿದ ಮುಳ್ಳು

ಚಿಕ್ಕೋಡಿ ಭಾಗದಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವವರು ಇಬ್ಬರೇ. ಒಂದು ಕೃಷ್ಣಾ ನದಿ, ಇನ್ನೊಬ್ಬ ನಾನು. ನದಿಗೆ ಅಂಗಡಿಯಿಲ್ಲ, ನನಗಿದೆ. ಪೈಪು, ನಳ, ವಾಲ್ವು, ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಪಂಪು, ಆ ಪಂಪಿನ ಮೇಲೆ ಕೂರುವ ಮೀಟರು, ಎಲ್ಲವೂ ಜಯಪಾಲನ ಅಂಗಡಿಯಲ್ಲಿ ಸಿಗುತ್ತದೆ. ಒತ್ತಡದ ವಿಷಯದಲ್ಲಿ ಅಥಣಿಯಿಂದ ನಿಪ್ಪಾಣಿಯವರೆಗೆ ನನ್ನ ಮಾತೇ ಕೊನೆ ಮಾತು. ಇಂಥ ನನ್ನ ಸ್ವಂತ ಕಾರಿನಲ್ಲಿ ಒಂದು ಮೀಟರು ಹಗಲೆಲ್ಲ ಸುಳ್ಳು ಹೇಳುತ್ತದೆ ಎಂದರೆ ಸಹಿಸುವುದು ಹೇಗೆ? ಅದನ್ನು ನೆಟ್ಟಗೆ ಮಾಡಿಯೇ ಸಿದ್ಧ ಎಂದು ನಾನು ಒಂದು ಭಾನುವಾರ ಬೆಳಿಗ್ಗೆ ತೀರ್ಮಾನಿಸಿದೆ!

ಕಾರು ನಮ್ಮ ಅಪ್ಪನದು. ಬಿಳಿ ಬಣ್ಣ, ದಪ್ಪ ಮೈ, ಹಿಂದಿನ ಸೀಟಿನಲ್ಲಿ ಸಣ್ಣದೊಂದು ಪಂಚಾಯಿತಿ ನಡೆಸುವಷ್ಟು ಜಾಗ. ಸ್ಟೀರಿಂಗಿನ ಎದುರು ಒಂದು ಗುಂಡನೆಯ ಆಯಿಲ್ ಪ್ರೆಶರ್ ಮೀಟರಿದೆ. ಎಂಜಿನ್ನಿನೊಳಗೆ ಎಣ್ಣೆ ಸರಿಯಾದ ಒತ್ತಡದಲ್ಲಿ ಓಡಾಡುತ್ತಿದೆಯೇ ಎಂದು ಹೇಳುವುದು ಅದರ ಕೆಲಸ. ಒತ್ತಡ ಸೊನ್ನೆಗಿಳಿದ ಮೇಲೂ ಗಾಡಿ ಓಡಿಸಿದರೆ ಎಂಜಿನ್ ಒಣಗಿ ಕಚ್ಚಿಕೊಳ್ಳುತ್ತದೆ, ಅಲ್ಲಿಗೆ ಅದರ ಆಯುಷ್ಯ ತೀರಿತು. ನಮ್ಮ ಮೀಟರಿನ ಮುಳ್ಳೋ, ಗಾಡಿ ಓಡಿದರೂ ಪೂರ್ತಿ ಮೇಲೆ, ನಿಂತರೂ ಪೂರ್ತಿ ಮೇಲೆ, ಕೀಲಿ ನನ್ನ ಜೇಬಿನಲ್ಲಿದ್ದರೂ ಪೂರ್ತಿ ಮೇಲೆ. ಚುನಾವಣೆಗೆ ನಿಂತವನ ಹುಮ್ಮಸ್ಸು ಅದಕ್ಕೆ.

ನನ್ನ ಹೆಂಡತಿ ಕುಸುಮ ಈ ಕಾರನ್ನು 'ಎರಡನೇ ಅತ್ತಿ' ಎಂದು ಕರೆಯುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ ಅದರ ಮೈ ಒರೆಸಬೇಕು, ಚಳಿಗಾಲದಲ್ಲಿ ನಾಲ್ಕು ಸಲ ಕರೆದರೆ ಒಮ್ಮೆ ಓಗೊಡುತ್ತದೆ, ಹೊರಗೆ ಹೊರಟಾಗಲೇ ಅದಕ್ಕೆ ಮುನಿಸು. ಅದನ್ನು ಗುಜರಿಗೆ ಕಳಿಸಬೇಕೆಂಬುದು ಅವಳ ಬಹುದಿನದ ಆಸೆ. ಅಪ್ಪ ಕೈಯಾರೆ ಓಡಿಸಿದ ಗಾಡಿ, ನನ್ನ ಜೀವವೇ ಅದರಲ್ಲಿದೆ ಎಂಬುದು ನನ್ನ ಹಟ.

ಆ ಭಾನುವಾರ ಕಾಗವಾಡದ ಆಚೆ ಕುಸುಮಳ ತಮ್ಮ ತಾತ್ಯಾಸಾಹೇಬನ ತೋಟದ ಮನೆಯಲ್ಲಿ ಅವನ ಮಗಳು ಬ್ರಾಹ್ಮಿಯ ಕುಬಸ. ಚೊಚ್ಚಲ ಬಸುರಿಗೆ ಸೋದರತ್ತೆ ಹಸಿರು ಸೀರೆ ಉಡಿಸಬೇಕು. ಸೋದರತ್ತೆ ಅಂದರೆ ನಮ್ಮ ಕುಸುಮ. ಕಾರ್ಯ ಸಂಜೆಯ ಮುಂದೆ. ಊಟ ಮಾತ್ರ ಸೂರ್ಯ ಮುಳುಗುವುದರೊಳಗೆ, ಏಕೆಂದರೆ ನಾವು ಜೈನರು, ಕತ್ತಲಾದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಇದರ ಮೇಲೆ ಕುಸುಮಳಿಗೆ ಭಾನುವಾರ ಒಪ್ಪತ್ತು. ಇಡೀ ದಿನಕ್ಕೆ ಒಂದೇ ಊಟ, ಅದನ್ನು ಅವಳು ತವರಿನ ಹೋಳಿಗೆಗಾಗಿ ಕಾಯ್ದಿಟ್ಟಿದ್ದಳು.

ನಾನು ಸ್ಪ್ಯಾನರು ಹಿಡಿದು ಕಾರಿನೊಳಗೆ ತಲೆ ತೂರಿಸಿದ್ದನ್ನು ಕಂಡು ಅವಳು ಬಾಗಿಲಿಗೆ ಬಂದಳು.

"ಇವತ್ತ ಯಾಕ ಅದಕ್ಕ ಕೈ ಹಚ್ಚಾಕತ್ತೀರಿ?"

"ಮೀಟರ್ ಸುಳ್ಳು ಹೇಳಾಕತ್ತೈತಿ, ಕುಸುಮಾ."

"ಹೇಳಲಿ ಬಿಡ್ರಿ. ಎಲ್ಲಾ ಚಲೋ ಐತಿ ಅಂತನ ಹೇಳತೈತಲ್ಲ. ನಮ್ಮ ಮನ್ಯಾಗ ಅಷ್ಟು ಚಲೋ ಮಾತು ಮತ್ತ್ಯಾರು ಆಡ್ತಾರ?"

"ಹತ್ತು ನಿಮಿಷದ ಕೆಲಸ."

ಅವಳು ಸೆರಗು ಸಿಕ್ಕಿಸಿ ನಿಂತಳು. "ಕೇಳ್ರಿಲ್ಲೆ. ಹೊತ್ತು ಮುಳಗೂದರಾಗ ತಾತ್ಯಾನ ಮನ್ಯಾಗ ನನ್ನ ಬಾಯಾಗ ತುತ್ತು ಬೀಳಬೇಕು. ಬಿದ್ರ ಇನ್ನ ಮ್ಯಾಲೆ ಈ ಗಾಡಿ ಸುದ್ದಿಗೆ ನಾ ಬರಂಗಿಲ್ಲ. ಬೀಳಲಿಲ್ಲಂದ್ರ ನಾಳೆ ಈ ಅತ್ತಿ ಗುಜರಿಗೆ ಹೋಗ್ತಾಳ. ಒಪ್ಪಿಗಿ ಐತೇನು?"

ನಾನು ನಕ್ಕೆ. ಗಟ್ಟಿಯಾಗಿಯೇ ನಕ್ಕೆ. ಒಂದೂವರೆ ತಾಸಿನ ದಾರಿ, ಕೈಯಲ್ಲಿ ಇಡೀ ದಿನ! "ಒಪ್ಪಿಗಿ" ಎಂದೆ.

ಹಳೆಯ ಮೀಟರನ್ನು ಬಿಚ್ಚಿ ಅಂಗೈಯಲ್ಲಿಟ್ಟು ಪ್ರೀತಿಯಿಂದ ಒಂದು ಏಟು ತಟ್ಟಿದೆ. ಮುಳ್ಳು ಕಳಚಿ ಗಾಜಿನೊಳಗೆ ಬಿತ್ತು. ಎರಡನೇ ಏಟಿಗೆ ಗಾಜೂ ಹೋಯಿತು. ಇನ್ನು ಹಿಂದೆ ಹೋಗುವ ದಾರಿ ಇಲ್ಲ. ಭಾನುವಾರದ ರಜೆ ಮುರಿದು ಅಂಗಡಿಯ ಬಾಗಿಲು ತೆಗೆದೆ. ಕಪಾಟಿನಲ್ಲಿ ಔಷಧ ಹೊಡೆಯುವ ಪಂಪಿನ ಹೊಸ ಮೀಟರು ಹಿತ್ತಾಳೆಯ ಉಂಗುರ ತೊಟ್ಟು ಥಳಥಳಿಸುತ್ತಿತ್ತು. ಹಳೆಯದರಲ್ಲಿ ಏಳೆಂಟು ಅಂಕಿಗೇ ಕತೆ ಮುಗಿಯುತ್ತಿತ್ತು, ಇದರಲ್ಲಿ ಎಪ್ಪತ್ತರವರೆಗೂ ಇತ್ತು. ಹೆಚ್ಚು ಅಂಕಿ ಇದ್ದಷ್ಟೂ ಮೀಟರು ಶಾಣ್ಯಾ ಎಂದು ಯಾರಿಗೆ ಗೊತ್ತಿಲ್ಲ? ಅಪ್ಪನ ಕಾರಿಗೆ ಇಷ್ಟಾದರೂ ಮರ್ಯಾದೆ ಬೇಡವೇ?

ಅದು ಹಳೆಯ ತೂತಿಗೆ ಹಿಡಿಸಲಿಲ್ಲ. ತೂತು ದೊಡ್ಡದು ಮಾಡಿದೆ, ಅದು ಅತಿ ದೊಡ್ಡದಾಯಿತು. ಕೊನೆಗೆ ಪೈಪಿನ ಪಟ್ಟಿ ಸುತ್ತಿ, ತಂತಿ ಬಿಗಿದು, ಸ್ಟೀರಿಂಗಿನ ಪಕ್ಕ ಜೋತು ಹಾಕಿದೆ. ಎಂಜಿನ್ನಿನಿಂದ ಬರುವ ತಾಮ್ರದ ನಳಿಕೆಗೆ ಬೇರೆ ಥ್ರೆಡ್ಡಿನ ಜೋಡಣೆ ಹುಡುಕುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಗಾಡಿ ಚಾಲೂ ಮಾಡಿದೆ. ಮುಳ್ಳು ಕೂದಲೆಳೆಯಷ್ಟು ಅಲುಗಿತು. ಅಲುಗಿತು! ಹಳೆಯದು ಇಷ್ಟು ವರ್ಷ ಮಾಡದ ಕೆಲಸವನ್ನು ಹೊಸದು ಒಂದೇ ಕ್ಷಣದಲ್ಲಿ ಮಾಡಿತ್ತು. ನನಗೆ ಆದ ಆನಂದ ಅಷ್ಟಿಷ್ಟಲ್ಲ. ಕೈತೊಳೆದು, ಊಟ ಬಿಟ್ಟು, ಅಂಗಿ ಬದಲಿಸಿಕೊಂಡು ಹೊರಟೆ. ಕುಸುಮ ಹಸಿರು ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸೂರ್ಯನನ್ನು ನೋಡುತ್ತ ಕುಳಿತಳು.

ಅಂಕಲಿ ದಾಟುವವರೆಗೂ ಎಲ್ಲ ಸೊಗಸಾಗಿತ್ತು. ಕಬ್ಬಿನ ಹಂಗಾಮು, ರಸ್ತೆ ತುಂಬ ಟ್ರ್ಯಾಕ್ಟರು. ನಾನು ಅವುಗಳನ್ನು ಹಿಂದೆ ಹಾಕುತ್ತ, ನಡುನಡುವೆ ಮೀಟರನ್ನು ಕಣ್ತುಂಬ ನೋಡುತ್ತ, ಹಾಡು ಗುನುಗುತ್ತ ಕೃಷ್ಣೆಯ ಸೇತುವೆ ದಾಟಿದೆ. ಎಂಜಿನ್ ಚೆನ್ನಾಗಿ ಕಾದಿತ್ತು. ಮತ್ತೊಮ್ಮೆ ನೋಡುತ್ತೇನೆ, ಮುಳ್ಳು ಸೊನ್ನೆಯ ಮೇಲೆ ಮಲಗಿದೆ!

ಗಕ್ಕನೆ ಗಾಡಿ ನಿಲ್ಲಿಸಿದೆ.

"ಏನಾತ್ರಿ?"

"ಪ್ರೆಶರ್ ಇಲ್ಲ. ಸೊನ್ನಿ."

"ಗಾಡಿ ಛಂದ ಹೊಂಟಿತ್ತಲ್ರಿ."

"ಅದ ಅಂಜಿಕಿ. ಒಳಗ ಸಾಯಾಕತ್ತೈತಿ, ಮ್ಯಾಲ ಛಂದ ಕಾಣತೈತಿ."

ಬಾನೆಟ್ ತೆಗೆದು ಎಣ್ಣೆ ನೋಡುವ ಕಡ್ಡಿ ಎಳೆದೆ. ಎಣ್ಣೆ ಬೇಕಾದಷ್ಟಿತ್ತು. ಒರೆಸಿ ಮತ್ತೆ ನೋಡಿದೆ, ಆಗಲೂ ಇತ್ತು. ಕಡ್ಡಿ ಅಪ್ಪನ ಕಾಲದ್ದು, ಮೀಟರು ಇವತ್ತಿನದು. ಯಾವುದನ್ನು ನಂಬಬೇಕು? ಹೊಸದನ್ನೇ ನಂಬಿದೆ. ಡಿಕ್ಕಿಯಲ್ಲಿದ್ದ ಎಣ್ಣೆಯ ಡಬ್ಬಿ ತಂದು ಸುರಿಯತೊಡಗಿದೆ. ಕುಸುಮ ಕಿಟಕಿಯಿಂದ ತಲೆ ಹೊರಹಾಕಿದಳು.

"ಹೊಟ್ಟಿ ತುಂಬಿದಾಕಿಗೆ ಮತ್ತ ಉಣಸಾಕತ್ತೀರಿ. ಹಸದಾಕಿ ಇಲ್ಲಿ ಕುಂತೀನಿ."

ಗಾಡಿ ಮತ್ತೆ ಚಾಲೂ ಮಾಡಿದೆ, ಮುಳ್ಳು ಏಳಲಿಲ್ಲ. ಬದಲಿಗೆ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಎದ್ದಿತು. ಆಗ ನನ್ನ ಇಕ್ಕಟ್ಟು ನನಗೆ ಪೂರ್ತಿ ಅರ್ಥವಾಯಿತು. ಓಡಿಸಿದರೆ ಎಂಜಿನ್ ಸಾಯುತ್ತದೆ, ಗಾಡಿ ಹೋಯಿತು. ಓಡಿಸದಿದ್ದರೆ ಹೊತ್ತು ಮುಳುಗುತ್ತದೆ, ಕುಸುಮಳಿಗೆ ನಾಳೆ ಬೆಳಗಿನವರೆಗೆ ಉಪವಾಸ, ಕೊಟ್ಟ ಮಾತಿನಂತೆ ಆಗಲೂ ಗಾಡಿ ಹೋಯಿತು. ಅತ್ತ ದರಿ, ಇತ್ತ ಪುಲಿ. ಸೂರ್ಯನೋ, ನನಗಾಗಿ ಒಂದು ಕ್ಷಣವೂ ತಡೆಯುವ ಲಕ್ಷಣ ಕಾಣಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಗೆ ಕಬ್ಬು ಇಳಿಸಿ ಖಾಲಿ ಟ್ರೇಲರುಗಳೊಂದಿಗೆ ಮರಳುತ್ತಿದ್ದ ಒಂದು ಟ್ರ್ಯಾಕ್ಟರು ನಿಂತಿತು. ಹಾಡಿನ ಸದ್ದಿಗೆ ನಮ್ಮ ಕಾರಿನ ಗಾಜು ಅದುರುತ್ತಿತ್ತು. ಓಡಿಸುತ್ತಿದ್ದವನು ಹಾಡನ್ನು ತುಸು ತಗ್ಗಿಸಿ ತನ್ನ ಹೆಸರು ಮಾಳಸಿದ್ದ ಎಂದ.

"ಸಾವಕಾರ, ಹಗ್ಗ ಐತಿ. ಕಟ್ಟಲಿ?"

ದೇವರೇ ಕಳಿಸಿದ ಹಾಗಾಯಿತು. ಎಂಜಿನ್ ಬಂದ್ ಮಾಡಿ ಗಾಡಿಯನ್ನು ಟ್ರೇಲರಿನ ಹಿಂದೆ ಕಟ್ಟಿಸಿದೆ. ಎಂಜಿನ್ನೂ ಉಳಿಯಿತು, ದಾರಿಯೂ ಸಾಗಿತು ಎಂದು ಒಳಗೊಳಗೇ ಹಿಗ್ಗಿದೆ. ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಮಾಳಸಿದ್ದನಿಗೆ ಅವಸರ ಎಂಬುದು ಗೊತ್ತಿರಲಿಲ್ಲ. ಗುರುತಿನವರು ಕಂಡರೆ ನಿಧಾನ, ಗುರುತಿಲ್ಲದವರು ಕಂಡರೆ ಗುರುತು ಮಾಡಿಕೊಳ್ಳಲು ಇನ್ನೂ ನಿಧಾನ. ಮೇಯಿಸಿಕೊಂಡು ಮನೆಗೆ ಹೊರಟ ಒಂದು ಕುರಿ ಹಿಂಡು ನಮ್ಮನ್ನು ದಾಟಿ ಹೋಯಿತು. ಕೊನೆಯ ಕುರಿ ತಿರುಗಿ ನೋಡಿತು.

"ನಿಲ್ಲಸ್ರಿ ಅವನ್ನ" ಎಂದಳು ಕುಸುಮ.

ಹಾರ್ನ್ ಒತ್ತಿದೆ. ನಮಗೆ ಹಾಡು ಹಿಡಿಸಿದೆ ಎಂದು ತಿಳಿದು ಮಾಳಸಿದ್ದ ಸದ್ದು ಹೆಚ್ಚಿಸಿದ. ಕೂಗಿದೆ. ಅವನು ಹಿಂತಿರುಗದೆಯೇ ಕೈಯೆತ್ತಿ ತಾಳ ಹಾಕಿದ. ಕುಸುಮ ಬೇರೆ ದಾರಿ ಕಾಣದೆ ಬ್ರಾಹ್ಮಿಯ ಸೀರೆಯನ್ನೇ ಬಿಚ್ಚಿ ಕಿಟಕಿಯಿಂದ ಬೀಸಿದಳು. ಹಸಿರು ಬಟ್ಟೆ ಕನ್ನಡಿಯಲ್ಲಿ ಕಂಡದ್ದೇ ತಡ, ಹಸಿರು ನಿಶಾನೆ ಸಿಕ್ಕ ರೈಲಿನಂತೆ ಅವನು ಟ್ರ್ಯಾಕ್ಟರನ್ನು ಜೋರು ಬಿಟ್ಟ! ಇಡೀ ದಾರಿಯಲ್ಲಿ ಅವನು ವೇಗ ಹೆಚ್ಚಿಸಿದ್ದು ಅದೊಂದೇ ಸಲ, ಅದೂ ನಾವು ನಿಲ್ಲಬೇಕೆಂದಾಗ. ಕಾಗವಾಡದ ಹತ್ತಿರ ಒಂದು ಚಹಾದ ಅಂಗಡಿ ಕಂಡಾಗ ತಾನಾಗಿಯೇ ನಿಂತ.

ಕುಸುಮ ಇಳಿದಳು. ಹಗ್ಗ ಬಿಚ್ಚಿದಳು. ಅದನ್ನು ಸುತ್ತಿ ಮಾಳಸಿದ್ದನ ಕೈಗಿತ್ತು, "ಭಾಳ ಉಪಕಾರ ಆತಪ್ಪಾ" ಎಂದಳು. ಆಮೇಲೆ ನನ್ನ ಕಡೆಯ ಬಾಗಿಲಿಗೆ ಬಂದಳು.

"ಇಳೀರಿ."

"ಕುಸುಮಾ, ಪ್ರೆಶರ್ ಸೊನ್ನಿ ಐತಿ. ಹೊಡದ್ರ ಎಂಜಿನ್ ಸಾಯತೈತಿ."

"ಸಾಯಲಿ. ನಾ ಉಣಲಿಲ್ಲಂದ್ರ ಹೆಂಗೂ ನಾಳೆ ಗುಜರಿಗೆ ಹೋಗೂದೈತಿ. ಹಸಕೊಂಡು ಕಳಸೂದಕಿಂತ ಉಂಡು ಕಳಸೂದು ಚಲೋ ಅಲ್ಲೇನು?"

ಒತ್ತಡ ಶಾಸ್ತ್ರವನ್ನು ಸೀಟಿನ ಮೇಲೇ ಬಿಟ್ಟು ಇಳಿದೆ.

"ನಿನಗ ಹೊಡ್ಯಾಕ ಬರತೈತೇನು?"

"ಲಗ್ನಾದ ವರ್ಷ ಮಾವ್ನಾರು ಇದರ ಮ್ಯಾಲ ಕಲಿಸ್ಯಾರ. ಮೊನ್ನೆ ಬೆಳಗಾವ್ಯಾಗ ಕಾಜಲನ ಗಾಡಿ ಯಾರು ಹೊಡದಾರಂತ ತಿಳದೀರಿ? ಲೈಸನ್ಸ್ ಇಲ್ಲೇ ಪರ್ಸಿನ್ಯಾಗ ಐತಿ. ನೀವು ಕೇಳಿಲ್ಲ, ನಾ ಹೇಳಿಲ್ಲ."

ಕಾಜಲ ನಮ್ಮ ಮಗಳು. ಅವಳಿಗೂ ಗೊತ್ತಿದ್ದ ಸಂಗತಿ ನನಗೆ ಗೊತ್ತಿರಲಿಲ್ಲ. ಅಪ್ಪ ಸೊಸೆಗೆ ಗಾಡಿ ಕಲಿಸುತ್ತಿದ್ದದ್ದು ಮಸುಕಾಗಿ ನೆನಪಾಯಿತು, ಅಷ್ಟೇ. ನಾನು ಪಕ್ಕದಲ್ಲಿ ಕುಳಿತೆ. ಕುಸುಮ ಕೀಲಿ ತಿರುಗಿಸಿದಳು. ಎರಡನೇ ಅತ್ತೆ ಸೊಸೆಯ ಒಂದೇ ಕರೆಗೆ ಓಗೊಟ್ಟಳು!

ಮುಂದಿನ ದಾರಿಯುದ್ದಕ್ಕೂ ನಾನು ಕಣ್ಣು ಮಿಟುಕಿಸದೆ ಮೀಟರು ಕಾದೆ. "ಸೊನ್ನಿ" ಎಂದೆ. ಅವಳು ಗೇರು ಬದಲಿಸಿದಳು. "ಇನ್ನೂ ಸೊನ್ನಿ" ಎಂದೆ. ಅವಳು ಒಂದು ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಿದಳು. "ಕುಸುಮಾ, ಸೊನ್ನಿ" ಎಂದು ಬೇಡಿಕೊಂಡೆ. "ಅದು ಸೊನ್ನಿ ಇರಲಿ, ನೀವು ಸುಮ್ಮನ ಇರ್ರಿ" ಎಂದಳು. ಈಗ ಕಚ್ಚಿಕೊಂಡೀತು, ಇಗೋ ಕಚ್ಚಿಕೊಂಡೀತು ಎಂದು ನಾನು ಉಸಿರು ಬಿಗಿಹಿಡಿದು ಕುಳಿತಿರುವಾಗಲೇ ಗಾಡಿ ತಾತ್ಯಾಸಾಹೇಬನ ದ್ರಾಕ್ಷಿ ತೋಟದ ಪಕ್ಕದಿಂದ ಹಾಯ್ದು ಅಂಗಳದಲ್ಲಿ ನಿಂತಿತು. ಸೂರ್ಯ ಇನ್ನೂ ಬಳ್ಳಿಗಳ ಮೇಲಿದ್ದ. ಹೆಂಗಸರು ಕುಸುಮಳನ್ನು ಕೈಹಿಡಿದು ನೇರ ಎಲೆಯ ಮುಂದೆ ಕೂರಿಸಿದರು. ಹೋಳಿಗೆ, ತುಪ್ಪ, ಮೊದಲ ತುತ್ತು. ಅದು ಗಂಟಲಿನಿಂದ ಇಳಿಯುವುದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡೆ. ಗಾಡಿ ಉಳಿಯಿತು! ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಆದರೂ ಮನಸ್ಸು ತಡೆಯಲಿಲ್ಲ. ಎಣ್ಣೆಯೇ ಓಡಾಡದ ಎಂಜಿನ್ ಇಷ್ಟು ದೂರ ಬಂದದ್ದು ಪವಾಡವಲ್ಲವೇ? ತಾತ್ಯಾಸಾಹೇಬನನ್ನು ಕೈಹಿಡಿದು ಕಾರಿನ ಬಳಿ ಎಳೆದೊಯ್ದೆ. ಅಕ್ಕನ ಗಂಡನಾದ ನನ್ನನ್ನು ಅವನು 'ದಾಜಿ' ಎನ್ನುತ್ತಾನೆ, ಬಲು ಮರ್ಯಾದೆಯ ಮನುಷ್ಯ. ಜೋತುಬಿದ್ದ ಮೀಟರನ್ನು ಅವನು ಬಗ್ಗಿ ನೋಡಿದ.

"ದಾಜಿ, ಇದು ದ್ರಾಕ್ಷಿಗೆ ಔಷಧ ಹೊಡ್ಯೂ ಪಂಪಿನ ಮೀಟರಲ್ಲೇನ್ರಿ?"

"ಹೌದು. ಹೊಸಾದು. ಎಪ್ಪತ್ತರ ತನಕ ತೋರಸತೈತಿ."

"ಕಾರಿನ ಎಣ್ಣಿ ಪ್ರೆಶರ್ ಎಷ್ಟಿರತೈತ್ರಿ?"

"ಎರಡೋ, ಮೂರೋ..." ಎಂದವನು ಅಲ್ಲೇ ನಿಂತೆ.

ಅವನು ನಗು ತಡೆದುಕೊಂಡ. "ಹೋದ ಹಂಗಾಮಿನ್ಯಾಗ ಇಂಥಾದ ನಿಮ್ಮ ಕಡೆ ಒಯ್ದಿದ್ನಿ. ಪಂಪ್ ಸಣ್ಣಗ ಇಟ್ರ ಮುಳ್ಳು ಏಳವಲ್ದು ಅಂತ ಫೋನ್ ಹಚ್ಚಿದ್ನಿ. ನೀವ ಅಂದ್ರಿ, ಇದು ದೊಡ್ಡ ಪ್ರೆಶರಿಂದೈತಿ ತಾತ್ಯಾ, ಎರಡು ಮೂರು ಇದಕ್ಕ ತಿಳ್ಯಂಗಿಲ್ಲ, ತಿಳೀಲಾರದವ್ರು ಗಾಬರಿ ಬೀಳ್ತಾರ, ನೀ ಬೀಳಬ್ಯಾಡ ಅಂತ."

ಹೌದು, ಅಂದಿದ್ದೆ. ಆ ಮೀಟರು ಕೊಂಡ ಪ್ರತಿಯೊಬ್ಬರಿಗೂ ಅನ್ನುತ್ತೇನೆ. ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಮೂಗುತಿ ಇಟ್ಟು ತೂಕ ಬರಲಿಲ್ಲ ಎಂದು ಅತ್ತವನು ನಾನು. ಎಂಜಿನ್ ತಣ್ಣಗಿದ್ದು ಎಣ್ಣೆ ಗಟ್ಟಿಯಿದ್ದಾಗ ಮುಳ್ಳು ಕೂದಲೆಳೆಯಷ್ಟು ಅಲುಗಿತ್ತು, ಕಾದ ಮೇಲೆ ಅದೂ ನಿಂತಿತ್ತು. ಗಾಡಿಗೆ ಏನೂ ಆಗಿರಲಿಲ್ಲ. ಏನೂ ಆಗದ ಗಾಡಿಯನ್ನು ನಾನು ಹಗ್ಗ ಕಟ್ಟಿ ಎಳೆಸಿದ್ದೆ!

ಇದನ್ನೆಲ್ಲ ಅರಗಿಸಿಕೊಂಡು ತಲೆಯೆತ್ತುವಷ್ಟರಲ್ಲಿ ಬಳ್ಳಿಗಳ ಮೇಲೆ ಸೂರ್ಯನಿರಲಿಲ್ಲ. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನದ ಊಟವನ್ನೂ ಮೀಟರಿಗೆ ಅರ್ಪಿಸಿದ್ದ ನಾನು ಆ ಇಡೀ ಸಂಜೆ ಬ್ರಾಹ್ಮಿಯ ಕುಬಸದಲ್ಲಿ ನಗುನಗುತ್ತ ಓಡಾಡಿದೆ. ಹೋಳಿಗೆಯ ವಾಸನೆ ಮಾತ್ರ ನನ್ನನ್ನು ಬಿಟ್ಟು ಕದಲಲಿಲ್ಲ.

ಮರುದಿನ ಬೆಳಿಗ್ಗೆ ಬುತ್ತಿಗೆ ಹೋಳಿಗೆ ಕಟ್ಟಿಸಿಕೊಂಡು ಹೊರಟೆವು. ನಾನು ಕೀಲಿಗೆ ಕೈಚಾಚಿದೆ. ಅದು ಆಗಲೇ ಕುಸುಮಳ ಕೈಯಲ್ಲಿತ್ತು.

"ಗುಜರಿ ಮಾತು ಮುಗೀತಲ್ಲ?" ಎಂದು ಮೆಲ್ಲಗೆ ಕೇಳಿದೆ.

"ಮುಗೀತ್ರಿ. ಗಾಡ್ಯಾಗ ಏನೂ ತಪ್ಪಿಲ್ಲ" ಎಂದು ಅವಳು ಸ್ಟೀರಿಂಗಿನ ಮುಂದೆ ಕುಳಿತಳು. ನಾನು ಸುತ್ತಿ ಬಂದು ಅವಳ ಪಕ್ಕದ ಬಾಗಿಲು ತೆಗೆದೆ. ಅವಳು ಬುತ್ತಿಯ ಡಬ್ಬಿಯನ್ನು ಆ ಸೀಟಿನ ಮೇಲಿಟ್ಟಳು.

"ನೀವು ಹಿಂದ ಕೂಡ್ರಿ. ಇಲ್ಲಿ ಕುಂತ್ರ ಮೀಟರ್ ಕಾಣತೈತಿ."