ಗೆರೆ ಹಾಕಿದ ಮೇಡಂ

ಮೂಡಲಗಿಯ ನಮ್ಮ ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದಾಗ ಸಹಾಯಕ ಕೋಚ್ ಹುದ್ದೆ ನನ್ನನ್ನು ಹುಡುಕಿಕೊಂಡು ಬಂತು. ಅರ್ಹತೆ ಒಂದೇ: ನಾನು ಹೆಂಗಸು! ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದರೂ, ಜೊತೆಗೊಬ್ಬ ಹೆಣ್ಣುಮಗಳಿಲ್ಲದೆ ಮಗಳನ್ನು ಮೈದಾನಕ್ಕೆ ಕಳಿಸುವ ತಂದೆ ನಮ್ಮ ಕಡೆ ಇರಲಿಲ್ಲ. ಇತಿಹಾಸ ಕಲಿಸುತ್ತಿದ್ದ ನನಗೆ ಪಾಣಿಪತ್ ಯುದ್ಧಗಳು ಬಾಯಿಪಾಠವಾಗಿದ್ದವು. ಫುಟ್‌ಬಾಲ್‌ನಲ್ಲಿ ಚೆಂಡನ್ನು ಕಾಲಿನಿಂದ ಒದೆಯುತ್ತಾರೆ ಎಂಬುದೂ ಗೊತ್ತಿತ್ತು. ಇಷ್ಟು ಸಾಕು ಅನ್ನಿಸಿತು.

ಮುಖ್ಯ ಕೋಚ್ ಪಾಟೀಲ ಸರ್ ಹುಡುಗಿಯರನ್ನು ಓಡಿಸುತ್ತಿದ್ದರು. ನಾನು ಹುಡುಗಿಯರ ಬಳೆ ಕಾಯುತ್ತಿದ್ದೆ. ಆಟಕ್ಕೆ ಇಳಿಯುವ ಮುನ್ನ ಎಲ್ಲರೂ ಬಳೆ ತೆಗೆದು ನನಗೆ ಕೊಡುವರು. ಕಳೆದಾವೆಂದು ಎಲ್ಲವನ್ನೂ ನಾನೇ ತೊಟ್ಟು ನಿಲ್ಲುತ್ತಿದ್ದೆ. ಕೈ ಎತ್ತಿ ಏನಾದರೂ ಸೂಚನೆ ಕೊಟ್ಟರೆ ಬಳೆಗಾರರ ಅಂಗಡಿಯೇ ಅಲುಗಾಡಿದಂತೆ ಸದ್ದಾಗುತ್ತಿತ್ತು!

ತಂಡದ ಜೀವವೆಂದರೆ ಗೋಲ್‌ಕೀಪರ್ ಸುಜಾತಾ, ಕಲ್ಲೋಳಿಯ ರೈತ ಜಿನ್ನಪ್ಪ ಕಾಕಾನ ಮಗಳು. ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಅವಳು ಧಾರವಾಡಕ್ಕೆ ಹೋಗಬೇಕೆಂಬುದು ಪಾಟೀಲ ಸರ್ ಆಸೆ, ಅವಳ ಕನಸು. ಕಾಕಾ ಒಪ್ಪಿರಲಿಲ್ಲ. ಒಪ್ಪಿಸುವ ಭಾರ ಹೊತ್ತು ನಾನೇ ಅವರ ಪಡಸಾಲೆಯಲ್ಲಿ ಹೋಗಿ ಕೂತೆ.

"ಅಕ್ಕಾರ, ಹುಕ್ಕೇರಿಯವರ ಕೂಡ ಮ್ಯಾಚ್ ಐತೆಲ್ಲ, ಅದೊಂದ ನಾ ಕಣ್ಣಿಲೆ ನೋಡ್ತೇನ್ರಿ," ಎಂದರು ಕಾಕಾ. "ಛಲೋ ಆಡಿದ್ಲಂದ್ರ ಧಾರವಾಡಕ್ಕ ಕಳಸ್ತೇನಿ. ನಾಕ ಮಂದ್ಯಾಗ ನಗಿಪಾಟ್ಲಾತಂದ್ರ, ಅವತ್ತಿಗೇ ಚೆಂಡ ಬಂದ್."

"ನಾ ಅದೀನಲ್ರಿ ಕಾಕಾ! ಚಿಂತಿ ಬಿಡ್ರಿ," ಎಂದೆ.

ಚಿಂತೆ ಶುರುವಾದದ್ದೇ ಅಲ್ಲಿಂದ.

ಪಂದ್ಯದ ದಿನ ಬೆಳಗ್ಗೆ ಮೈದಾನಕ್ಕೆ ಗೆರೆ ಹಾಕುವ ಕೆಲಸ, ಸುಣ್ಣದ ಬುಟ್ಟಿಯ ಸಮೇತ, ನನ್ನ ಪಾಲಿಗೆ ಬಂತು. ದಿನಾ ಬಾಗಿಲ ಮುಂದೆ ರಂಗೋಲಿ ಹಾಕುವವಳಿಗೆ ನೇರ ಗೆರೆ ಯಾವ ಲೆಕ್ಕ? ಆದರೆ ಒಂದು ಮೂಲೆ ಮುಗಿಯುವಷ್ಟರಲ್ಲಿ ಸುಣ್ಣ ಬೆರಳು ಸುಟ್ಟಿತು. ಆಗ ಹೊಳೆಯಿತು ಆ ಐತಿಹಾಸಿಕ ಉಪಾಯ. ನಮ್ಮ ಯಜಮಾನರದು ಹಿಟ್ಟಿನ ಗಿರಣಿ. ನೆಲಕ್ಕೆ ಬಿದ್ದು ಗುಡಿಸಿಟ್ಟ ಜೋಳದ ಹಿಟ್ಟು ಅಲ್ಲಿ ಚೀಲಗಟ್ಟಲೆ ಇರುತ್ತಿತ್ತು. ಬಿಳಿ, ನುಣುಪು, ಪುಕ್ಕಟೆ! ಸುಣ್ಣವನ್ನು ವಾಪಸು ಕಳಿಸಿಬಿಟ್ಟೆ.

"ಲೇ, ಅದು ದನಕ್ಕ ಹಾಕೋ ಹಿಟ್ಟ," ಎಂದರು ಯಜಮಾನರು.

"ಒಂದಿನ ದನಾ ಉಪವಾಸ ಮಾಡ್ಲಿ ಬಿಡ್ರಿ."

"ಅಲ್ಲಾ, ಬಯಲಾಗ ಹಿಟ್ಟ ಚೆಲ್ಲಿದ್ರ ಉಳೀತೈತೇನ?"

"ನಿಮಗ ಫುಟ್‌ಬಾಲ್ ತಿಳಿಯೂದಿಲ್ಲ. ಸುಮ್ನ ಚೀಲಾ ಹೊರ್ರಿ!"

ಪಾಪ, ಹೊತ್ತರು.

ಗೆರೆ ಎಷ್ಟು ಚೆಂದ ಬಂತೆಂದರೆ, "ಮೇಡಂ, ಇಷ್ಟ ನುಣ್ಣನ ಸುಣ್ಣಾ ಎಲ್ಲಿ ಸಿಕ್ತ್ರಿ?" ಎಂದು ಪಾಟೀಲ ಸರ್ ಬೆರಗಾದರು. ನಾನು ಗುಟ್ಟು ಬಿಡಲಿಲ್ಲ. ಮೂಲೆಗೊಂದು ಬಳ್ಳಿ ಬಿಡಿಸಿದ್ದೆ; ಅದನ್ನು ಮಾತ್ರ ಅಳಿಸಲು ಹೇಳಿದರು. ಮಧ್ಯಾಹ್ನ ಕೋಳಿಗಳು ಬಂದು ನಡುವಿನ ವೃತ್ತವನ್ನು ಅಷ್ಟಿಷ್ಟು ಹೆಕ್ಕಿಕೊಂಡು ಹೋದವು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿಸಿದೆ. ಉಳಿದ ಹಿಟ್ಟನ್ನೆಲ್ಲ ಅಲ್ಲೇ ಸುರಿದೆ.

ಆಟ ಶುರುವಾಯಿತು. ಸುಜಾತಾ ಬಂದ ಚೆಂಡನ್ನೆಲ್ಲ ಹಾರಿ ಹಾರಿ ಹಿಡಿದಳು. ಕಾಕಾ ಟೋಪಿ ಸರಿಮಾಡಿಕೊಂಡು ಬಾಜೂದವರಿಗೆಲ್ಲ "ನನ್ನ ಮಗಳ್ರಿ" ಎನ್ನತೊಡಗಿದರು. ಧಾರವಾಡದ ಬಸ್ಸು ನನ್ನ ಕಣ್ಣ ಮುಂದೆ ಬಂದು ನಿಂತಿತು.

ವಿರಾಮದಲ್ಲಿ ಎಲ್ಲರೂ ಬೇವಿನ ಗಿಡದ ಕೆಳಗೆ ಲಿಂಬೆ ಶರಬತ್ತು ಕುಡಿಯುತ್ತಿದ್ದೆವು. ತಿರುಗಿ ನೋಡಿದರೆ ಮೈದಾನಕ್ಕೆ ಹೊಸ ತಂಡವೊಂದು ಇಳಿದಿತ್ತು. ಆಡುಗಳು! ಅಡ್ಡಾದಿಡ್ಡಿ ಅಲ್ಲ, ಗೆರೆಯ ಮೇಲೇ ಸಾಲಾಗಿ, ಮೂತಿ ನೆಲಕ್ಕೆ ಹಚ್ಚಿ, ನಾನು ಹಾಕಿದ ಕ್ರಮದಲ್ಲೇ ನೆಕ್ಕುತ್ತ ಹೊರಟಿದ್ದವು. ಅಂಥ ಶಿಸ್ತನ್ನು ನಮ್ಮ ತಂಡ ಒಮ್ಮೆಯೂ ತೋರಿಸಿರಲಿಲ್ಲ!

ಆಡು ಕಾಯುವ ಮುದುಕಿ ದೂರದಿಂದಲೇ ಕೈಮುಗಿದಳು. "ಯಾವ ಪುಣ್ಯಾತಗಿತ್ತಿ ಹಿಟ್ಟ ಚೆಲ್ಲ್ಯಾಳೋ ಯವ್ವಾ, ಆಕಿ ಹೊಟ್ಟಿ ತಣ್ಣಗಿರಲಿ!"

ಪಾಟೀಲ ಸರ್ ನನ್ನತ್ತ ತಿರುಗಿದರು. "ಹಿಟ್ಟೇನ್ರಿ ಮೇಡಂ?"

ನಾನು ಶರಬತ್ತಿನ ಲೋಟದೊಳಗೆ ನೋಡಿದೆ.

ಆಡುಗಳನ್ನು ಓಡಿಸುವಷ್ಟರಲ್ಲಿ ನಮ್ಮ ಪಾಲಿಗೆ ಬಂದ ಗೋಲಿನ ಮುಂದಿನ ದೊಡ್ಡ ಚೌಕ ಅವುಗಳ ಹೊಟ್ಟೆ ಸೇರಿತ್ತು. ಆ ಚೌಕದೊಳಗಿದ್ದರೆ ಮಾತ್ರ ಗೋಲ್‌ಕೀಪರ್ ಚೆಂಡನ್ನು ಕೈಯಿಂದ ಹಿಡಿಯಬಹುದು. ಮತ್ತೆ ಗೆರೆ ಹಾಕೋಣವೆಂದರೆ ಹಿಟ್ಟೂ ಇಲ್ಲ, ಸುಣ್ಣವೂ ಇಲ್ಲ. ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಉಣ್ಣಬೇಕಾದ ಜೈನರು ಕಾಕಾ. "ಲಗೂ ಆಡಸ್ರಿ," ಎಂದು ಅವರ ಅವಸರ ಬೇರೆ. ಅಂದಾಜಿನ ಮೇಲೆ ಆಡಿಸಲು ರೆಫರಿ ಒಪ್ಪಿದರು.

ಆಟ ಮುಗಿಯುತ್ತ ಬಂದಿತ್ತು. ಇಬ್ಬರದೂ ಗೋಲಿಲ್ಲ. ಹುಕ್ಕೇರಿಯವರು ಚೆಂಡನ್ನು ಎತ್ತಿ ಒದ್ದರು. ಸುಜಾತಾ ಮುಂದೆ ಓಡಿ ಬಂದವಳು ಅನುಮಾನಿಸಿ ನನ್ನತ್ತ ಕೂಗಿದಳು: "ಮೇಡಂ, ಗೆರಿ ಎಲ್ಲಿತ್ರಿ?"

ಗೊತ್ತಿಲ್ಲ ಎನ್ನಬಹುದಿತ್ತು. ಗೆರೆ ಹಾಕಿದವಳೇ ಗೊತ್ತಿಲ್ಲ ಎನ್ನುವುದು ಹೇಗೆ?

"ಇನ್ನೂ ಮುಂದೈತಿ! ಹಿಡಿ, ಹಿಡಿ!" ಎಂದು ಎರಡೂ ಕೈ ಬೀಸಿದೆ. ಬಳೆಗಳೆಲ್ಲ ಘಲ್ಲೆಂದವು. ಅವಳು ನನ್ನನ್ನು ನಂಬಿ ಹಾರಿ ಹಿಡಿದಳು.

ಸೀಟಿ!

ಆಡುಗಳು ಬಿಟ್ಟುಹೋಗಿದ್ದ ಗೇಣುದ್ದ ಗೆರೆಯನ್ನು ರೆಫರಿ ಹುಡುಕಿ ತೋರಿಸಿದರು. ಸುಜಾತಾ ಅದರಿಂದ ಒಂದು ಮಾರು ಹೊರಗಿದ್ದಳು. ಹುಕ್ಕೇರಿಯವರಿಗೆ ಫ್ರೀ ಕಿಕ್ ಸಿಕ್ಕಿತು, ಗೋಲಾಯಿತು, ನಾವು ಸೋತೆವು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಜಾತಾ ಬಂದು ನನ್ನ ಕೈಯಿಂದ ತನ್ನ ಬಳೆಗಳನ್ನು ಒಂದೊಂದಾಗಿ ತೆಗೆದುಕೊಂಡಳು. ಮಾತಾಡಲಿಲ್ಲ. ಬಳೆಯ ಮೇಲೆ ಅವಳ ಕಣ್ಣೀರು ಬಿತ್ತು. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಅದೂ ಬಿಡಲಿಲ್ಲ.

ಅಷ್ಟರಲ್ಲಿ ಕಾಕಾ ಬಂದರು.

"ಕಾಕಾ, ತಪ್ಪ ನಂದ್ರಿ. ಮುಂದೈತಿ ಅಂದಾಕಿ ನಾನ. ಹಿಟ್ಟ ಹಾಕಿದಾಕೀನೂ ನಾನ," ಎಂದೆ, ತಲೆ ಎತ್ತದೆ.

"ಎಲ್ಲಾ ನೋಡೀನ್ರಿ ಅಕ್ಕಾರ," ಎಂದರು ಕಾಕಾ. "ಮಂದಿ ನನ್ನ ಮಗಳಿಗೆ ನಕ್ಕಿಲ್ರಿ. ನಿಮಗ ನಕ್ಕಾರ. ಆಕಿನ್ನ ಧಾರವಾಡಕ್ಕ ಕಳಸ್ತೇನಿ."

ಹೋದ ಜೀವ ಬಂತು. ಕಣ್ಣೊರೆಸಿಕೊಂಡು, "ನಾನ ಕರಕೊಂಡ ಹೋಗ್ತೇನ್ರಿ ಕಾಕಾ!" ಎಂದೆ.

"ಬ್ಯಾಡ್ರಿ!"

ಕಾಕಾ, ಪಾಟೀಲ ಸರ್, ಸುಜಾತಾ, ಮೂವರೂ ಒಟ್ಟಿಗೆ! ತಂಡದಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಅವತ್ತೇ ಕಂಡದ್ದು.

ಅಲ್ಲಿಗೆ ನನ್ನ ಹುದ್ದೆ ಮುಗಿಯಿತು. ಸೋದರತ್ತೆಯ ಜೊತೆ ಧಾರವಾಡಕ್ಕೆ ಹೋದ ಸುಜಾತಾ ಆಯ್ಕೆಯಾಗಿ ಬಂದಳು. ಕಾಲೇಜಿಗೆಲ್ಲ ಗೋಕಾಕದ ಕರದಂಟು ಹಂಚಿದಳು, ನನಗೂ ಕೊಟ್ಟಳು. ಬಳೆ ಮಾತ್ರ ಮತ್ತೆಂದೂ ಕೊಡಲಿಲ್ಲ.

ನನ್ನನ್ನು ಮರೆಯದವರು ಬೇರೆ ಇದ್ದರು. ಬೆಳಗ್ಗೆ ನಾನು ಕಾಲೇಜಿಗೆ ಹೊರಟರೆ ಸಾಕು, ಆ ಆಡುಗಳು ಸಂದಿಗೊಂದಿಯಿಂದ ಹೊರಬಿದ್ದು ನನ್ನ ಸೀರೆಯ ನಿರಿಗೆ ಮೂಸುತ್ತ ಹಿಂದೆ ಸಾಲುಗಟ್ಟುತ್ತಿದ್ದವು. ಗಿರಣಿಯ ಬಾಗಿಲಲ್ಲಿ ನಿಂತ ಯಜಮಾನರು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು:

"ಕೋಚ್ ಮೇಡಂ, ನಿಮ್ಮ ಟೀಮ್ ಬಂತ ನೋಡ್ರಿ!"