ಬಿಳಿ ಗೆರೆಗೆ ಅಡ್ಡ ನಿಂತ ಸ್ಕೂಟರ್

ನಿವೃತ್ತರಾದ ಮೇಲೆ ಕೆಲವರು ಕುಂಡದಲ್ಲಿ ಗುಲಾಬಿ ಬೆಳೆಸುತ್ತಾರೆ, ಕೆಲವರು ತಮ್ಮ ಸಕ್ಕರೆ ಕಾಯಿಲೆಯ ವರ್ಣನೆ ಮಾಡುತ್ತ ಕೆರೆಯ ದಂಡೆಗುಂಟ ತಿರುಗಾಡುತ್ತಾರೆ. ನಾನು ಅರ್ಜಿ ಬರೆಯುತ್ತೇನೆ. ಸಪ್ತಾಪುರದ ನಮ್ಮ ಓಣಿಯ ದೀಪ, ಗಟಾರ, ನಾಯಿಗಳು, ಯಾವುದನ್ನೂ ಬಿಟ್ಟಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿದವನು ನಾನು. ಹತ್ತು ರೂಪಾಯಿ ಕೈಬಿಟ್ಟು ಹೋದರೂ ಅದು ಮುಂದೆ ಯಾರ ಕೈಗೆ ಹೋಯಿತೆಂದು ತಿಳಿಯದೆ ನನಗೆ ಊಟ ರುಚಿಸುವುದಿಲ್ಲ.

ಧಾರವಾಡದ ಮಾರುಕಟ್ಟೆಯ ಹತ್ತಿರ, ಹಣ ಕೊಟ್ಟು ಗಾಡಿ ನಿಲ್ಲಿಸುವ ಒಂದು ಬಯಲಿದೆ. ಅಲ್ಲಿ ಚೀಟಿ ಹರಿಯುವಾಕೆ ಗಂಗವ್ವ. ನೆಲದ ಮೇಲಿನ ಬಿಳಿ ಗೆರೆಗಳು ಮಾಸಿ, ಗಾಡಿಗಳು ಸಂತೆಯಲ್ಲಿ ಬಿಟ್ಟ ದನಗಳಂತೆ ಅಡ್ಡಾದಿಡ್ಡಿ ನಿಲ್ಲುತ್ತಿದ್ದವು. ಈ ಹಣ ಎಲ್ಲಿಗೆ ಹೋಗುತ್ತದೆ, ಗೆರೆ ಯಾಕೆ ಬಳಿಯುವುದಿಲ್ಲ ಎಂದು ನಾನು ಹೋದಾಗಲೆಲ್ಲ ಆಕೆಯನ್ನು ಕೇಳುತ್ತಿದ್ದೆ. ಒಂದು ದಿನ ಗಂಗವ್ವ ಚೀಟಿ ಪುಸ್ತಕ ಮಡಚಿಟ್ಟು, “ಸರ್ರ, ನನ್ನ ಕೇಳಿದ್ರ ಏನ್ ಬಂತು? ಬರದು ಕೊಡ್ರಿ, ನಾನೂ ಸಹಿ ಮಾಡತೇನಿ” ಎಂದಳು. ಪಾಲಿಕೆಗೆ ಬರೆದೆ, ನಾಲ್ಕು ಪುಟ. ಶುಲ್ಕದಲ್ಲಿ ಒಂದು ಪಾಲು ನಿರ್ವಹಣೆಗೆ ಎಂದು ಗುತ್ತಿಗೆಯ ಕರಾರಿನಲ್ಲೇ ಇತ್ತಂತೆ. ಇದುವರೆಗೆ ಯಾರೂ ಕೇಳಿರಲಿಲ್ಲವಷ್ಟೇ. ಗೆರೆ ಬಳಿಸಲು ಮಂಜೂರಾತಿ ಸಿಕ್ಕಿತು. ನನ್ನ ಅರ್ಜಿಯೊಂದು ಫಲ ಕೊಟ್ಟದ್ದು ಅದೇ ಮೊದಲು. ಕೆಲಸ ಶುರುವಾದರೆ ತಿಳಿಸು, ಬಂದು ನೋಡುತ್ತೇನೆ ಎಂದು ಗಂಗವ್ವನಿಗೆ ನನ್ನ ನಂಬರನ್ನೂ ಕೊಟ್ಟೆ. ಆಕೆಯ ನಂಬರನ್ನು ನಾನು ಬರೆದುಕೊಳ್ಳಲಿಲ್ಲ.

ಆಮೇಲೊಂದು ಶನಿವಾರ ಸ್ಕೂಟರ್ ಅಲ್ಲೇ ಮುಷ್ಕರ ಹೂಡಿತು. ಎಷ್ಟು ಒದ್ದರೂ ಚಾಲೂ ಆಗಲಿಲ್ಲ. ಹ್ಯಾಂಡಲ್ ಲಾಕ್ ಮಾಡಿ ರಿಕ್ಷಾದಲ್ಲಿ ಮನೆಗೆ ಬಂದೆ. ಮರುದಿನ ಗೊತ್ತಿಲ್ಲದ ನಂಬರಿನಿಂದ ಮೂರು ಸಲ ಕರೆ ಬಂತು. ಸಾಲ ಬೇಕೇ ಎಂದು ಕೇಳುವವರಿರಬೇಕೆಂದು ಫೋನಿನ ಬಾಯಿ ಮುಚ್ಚಿಸಿ ಮಲಗಿದೆ.

ಸೋಮವಾರ ಹೋಗಿ ನೋಡಿದರೆ ಬಯಲಿನ ತುಂಬ ಹಾಲಿನಂಥ ಗೆರೆಗಳು. ನಟ್ಟನಡುವೆ ನನ್ನ ಸ್ಕೂಟರ್. ಅದು ನಿಂತಲ್ಲಿ ಮಾತ್ರ ಗೆರೆ ತುಂಡಾಗಿ, ಆಚೆ ಕಡೆ ಮತ್ತೆ ಮುಂದುವರಿದಿತ್ತು. ಪೇಂಟರ್ ರಾಜೇಸಾಬ ಅಲ್ಲೇ ಕೂತಿದ್ದ. ಎತ್ತಿ ಬದಿಗಿಡಬಾರದಿತ್ತೇ ಎಂದು ಕೇಳಿದೆ. ಅವನು ಬಹಳ ವಿನಯದಿಂದ, “ಎತ್ತೋದು ದೊಡ್ಡ ಮಾತಲ್ರಿ. ಗೀರು ಬಿತ್ತು ಅಂತ ನೀವು ಇನ್ನೊಂದು ಅರ್ಜಿ ಬರದ್ರ ಅಂತ ಅಂಜಿದ್ವಿ” ಎಂದ.

ಅಳತೆಗೆ ಬಂದಿದ್ದ ಎಂಜಿನಿಯರು, ಗೆರೆ ಪೂರ್ತಿಯಾಗದೆ ಬಿಲ್ಲಿಗೆ ಸಹಿ ಹಾಕುವುದಿಲ್ಲ, ಸಂಜೆ ಮತ್ತೆ ಬರುತ್ತೇನೆ ಎಂದು ಹೇಳಿ ಹೋಗಿದ್ದರಂತೆ. ರಾಜೇಸಾಬನ ಜೊತೆ ದುಡಿದ ಇಬ್ಬರ ಕೂಲಿ ಆ ಮೂರು ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅವನು ಸಿಟ್ಟಾಗಿದ್ದರೆ ನಾನೂ ನಾಲ್ಕು ಮಾತು ವಾದಿಸುತ್ತಿದ್ದೆ. ಅವನು ಸುಮ್ಮನೆ ಬ್ರಶ್ ಹಿಡಿದು ಕೂತಿದ್ದು ನೋಡಿ ನನಗೆ ನಾಚಿಕೆಯಾಯಿತು. ಇಬ್ಬರೂ ಸೇರಿ ಸ್ಕೂಟರ್ ತಳ್ಳಿದೆವು, ಅವನು ಬಣ್ಣ ಬಳಿದ. ಆರಲು ಒಂದು ತಾಸು ಬೇಕಿತ್ತು. ಗಂಗವ್ವ ಬಾಗಿಲು ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಆಕೆಯ ಸೀಟಿ ಮತ್ತು ಕೆಂಪು ಬಾವುಟ ಹಿಡಿದು, ತಲೆಗೆ ಕರವಸ್ತ್ರ ಕಟ್ಟಿ, ಹಸಿ ಗೆರೆಯ ಕಾವಲಿಗೆ ನಾನೇ ನಿಂತೆ.

ಅಷ್ಟರಲ್ಲಿ ಕಾರೊಂದು ಬಂತು. ಒಳಗಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಯಾವುದೋ ಬ್ಯಾಂಕಿನಲ್ಲಿ ಅಧಿಕಾರಿ. ನನ್ನನ್ನು ಗುರುತಿಸಿ ಇಳಿದು, ನಮಸ್ಕರಿಸಿ, ಅಂಗೈಯಲ್ಲಿ ಐವತ್ತರ ನೋಟಿಟ್ಟು, ಚಿಲ್ಲರೆ ಬೇಡವೆಂದ. ಆಮೇಲೆ ದನಿ ತಗ್ಗಿಸಿ ಕೇಳಿದ:

“ಸರ್ರ, ಪಿಂಚಣಿ ಬರಾಕತ್ತಿಲ್ಲೇನ್ರಿ?”

ನಾನು ಅರ್ಜಿಯ ಇತಿಹಾಸವನ್ನು ಮೊದಲಿನಿಂದ ಹೇಳತೊಡಗಿದೆ. ಜ್ವರ ಬಂದವರ ಬಡಬಡಿಕೆ ಕೇಳುವಂತೆ ಅವನು ತಲೆಯಾಡಿಸಿ ಹೊರಟುಹೋದ. ನೋಟನ್ನು ಗಂಗವ್ವನಿಗೆ ಒಪ್ಪಿಸಿದೆ. ಸಂಜೆ ಎಂಜಿನಿಯರು ಸಹಿ ಹಾಕಿದರು.

ಮನೆಗೆ ಬರುವಷ್ಟರಲ್ಲಿ ಹೆಂಡತಿಗೆ ಮೂರು ಫೋನು ಬಂದಿದ್ದವು. ನಾನು ಗಾಡಿ ಕಾಯುವ ಕೆಲಸಕ್ಕೆ ಸೇರಿದ ಸುದ್ದಿ ಹಳೆಯ ವಿದ್ಯಾರ್ಥಿಗಳಿಗೆಲ್ಲ ಮುಟ್ಟಿತ್ತು. ನೀನೇನು ಹೇಳಿದೆ ಎಂದು ಗಾಬರಿಯಿಂದ ಕೇಳಿದೆ.

“ಪಿಂಚಣಿ ಬರತೈತ್ರಿ, ಮನ್ಯಾಗ ಅವರಿಗೆ ಹೊತ್ತು ಹೋಗಂಗಿಲ್ಲ ಅಂದೆ” ಎಂದಳು. ಚಹಾ ಲೋಟ ಕೈಗೆ ಕೊಟ್ಟು, ಆ ಕೆಲಸ ಇನ್ನೂ ಎಷ್ಟು ದಿನ ಇರುತ್ತದೆ ಎಂದು ವಿಚಾರಿಸಿದಳು. ಇವತ್ತಿಗೇ ಮುಗಿಯಿತು ಎಂದೆ.

ಅವಳ ಮುಖ ತುಸು ಸಣ್ಣದಾಯಿತು.