ಕಂಡಕ್ಟರ್ ಹಿಡಿದ ಪತಂಗ

"ಜುಜುಬಿ ಒಂದು ಪತಂಗ ಹಿಡಿಯೋಕೆ ಇಷ್ಟು ತಲೆಬಿಸಿನಾ? ಟಿಕೆಟ್ ತಗೊಳ್ದೆ ಬಂದೋರನ್ನ ಮುಖ ನೋಡಿಯೇ ಹಿಡಿಯೋನು ಕಣೇ ನಾನು!" ಎಂದು ಬಸ್ ಕಂಡಕ್ಟರ್ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ.

ಹೆಂಡತಿಗೆ ವಸ್ತುಸಂಗ್ರಹಾಲಯದ ಕೀಟ ವಿಭಾಗದಲ್ಲಿ ಕೆಲಸ. ಬೆಳಗಾದರೆ ಪ್ರದರ್ಶನ. ಕಂದು ಪತಂಗದ ಪೆಟ್ಟಿಗೆ ಮಾತ್ರ ಇನ್ನೂ ಖಾಲಿ! ಅದು ತುಂಬದಿದ್ದರೆ ಮೇಲಧಿಕಾರಿಯ ಮುಂದೆ ಅವಳ ಮಾನ ಮೂರು ಕಾಸಿಗೆ ಹೋಗುತ್ತಿತ್ತು. ಕೊಳೆತ ಬಾಳೆಹಣ್ಣು, ಸಕ್ಕರೆ ಪಾಕ, ಒಂದಿಷ್ಟು ಬಿಯರ್ ಕಲಸಿ, ಹಿತ್ತಲ ಮರಕ್ಕೆ ಬಳಿಯಲು ಗಂಡನ ಕೈಗೆ ಬ್ರಷ್ ಕೊಟ್ಟಳು.

"ಬಳಿದು ಸುಮ್ನೆ ಕೂತಿರ್ಬೇಕು, ವಾಸನೆಗೆ ಪತಂಗ ತಾನೇ ಬರುತ್ತೆ. ಆಗುತ್ತಾ ನಿಮ್ಮ ಕೈಲಿ?"

"ಕೂರೋದೂ ಒಂದು ಕೆಲಸಾನಾ?"

ಓಡುವ ಬಸ್ಸಿನಲ್ಲಿ ವರ್ಷಗಟ್ಟಲೆ ಹಿಂದಕ್ಕೂ ಮುಂದಕ್ಕೂ ಅಲೆದ ಜೀವ ಅದು! ಕೂತ ಕುರ್ಚಿಯಲ್ಲಿ ಮುಳ್ಳೆದ್ದಂತಾಯಿತು. ಎದ್ದ, ಮರದ ಮೇಲೆ ಟಾರ್ಚ್ ಬಿಟ್ಟ. ಆಗಷ್ಟೇ ಬಂದು ಕೂತಿದ್ದ ಪತಂಗ ಪರಾರಿ! ಪಾಕ ಸಾಲದೇನೋ ಎಂದು ಇನ್ನಷ್ಟು ಬಳಿದ, ರುಚಿ ನೋಡಿದ, ಕೈಯನ್ನು ಬನಿಯನ್ನಿಗೆ ಒರೆಸಿಕೊಂಡ. ಅಷ್ಟರಲ್ಲಿ ಇರುವೆಗಳ ಸಾಲು ಮರ ಹತ್ತಿತು.

"ಇಳೀರಿ, ಇಳೀರಿ! ಸ್ಪೆಷಲ್ ಗಾಡಿ ಇದು!"

ಕಿಟಕಿಯಿಂದ ಹೆಂಡತಿ ಇಣುಕಿದಳು. "ಕೂತ್ಕೊಳ್ರೀ ಒಂದು ಕಡೆ! ನಾಳೆ ಯಾವ ಮುಖ ಇಟ್ಕೊಂಡು ಕೆಲಸಕ್ಕೆ ಹೋಗ್ಲಿ ನಾನು?"

ಅವಳ ದನಿಯಲ್ಲಿ ಅಳುವಿತ್ತು. ಕಂಡಕ್ಟರ್ ಪಾಕದ ಪಾತ್ರೆ ಎತ್ತಿಕೊಂಡ. ಉಳಿದ ಪಾಕವನ್ನೆಲ್ಲ ಮರಕ್ಕೆ ಅಭಿಷೇಕ ಮಾಡಲು ಓಡಿದ, ಬೇರು ಎಡವಿದ. ಅಭಿಷೇಕ ಅವನಿಗೇ ಆಯಿತು! ಸೋತು ಸುಣ್ಣವಾಗಿ ಕುರ್ಚಿಗೆ ಬಿದ್ದವನು ಹಾಗೇ ಗೊರಕೆ ಹೊಡೆಯತೊಡಗಿದ.

ಕಣ್ಣು ಬಿಟ್ಟಾಗ ಹೆಂಡತಿ ಗಾಜಿನ ಬಾಟಲಿ ಹಿಡಿದು ಅವನ ಮೇಲೆ ಬಾಗಿದ್ದಳು.

"ಅಲುಗಾಡಿದ್ರೆ ನೋಡಿ ಮತ್ತೆ!"

ಅವನ ಹೊಟ್ಟೆಯ ಮೇಲೆ ಕಂದು ಪತಂಗವೊಂದು ನೆಮ್ಮದಿಯಾಗಿ ಪಾಕ ಹೀರುತ್ತಿತ್ತು.

ಮರುದಿನ ಅವನು ಡ್ರೈವರನ್ನೂ ಡಿಪೋದ ಗೆಳೆಯರನ್ನೂ ಪ್ರದರ್ಶನಕ್ಕೆ ಎಳೆದುಕೊಂಡು ಹೋದ. "ನೋಡ್ರಪ್ಪಾ, ಇದನ್ನ ಹಿಡಿದಿದ್ದು ಯಾರು ಅಂದ್ಕೊಂಡ್ರಿ?" ಎಂದು ಮೀಸೆ ತಿರುವಿದ. ಎಲ್ಲರೂ ಬಗ್ಗಿ ಪೆಟ್ಟಿಗೆಯ ಚೀಟಿ ಓದಿದರು. ಕೀಟ ಎಲ್ಲಿ, ಹೇಗೆ ಸಿಕ್ಕಿತೋ ಅದನ್ನು ಇದ್ದದ್ದು ಇದ್ದಂತೆ ಬರೆಯಬೇಕೆಂಬುದು ಆ ವಿಭಾಗದ ಕಟ್ಟುನಿಟ್ಟಿನ ನಿಯಮ. ಹೆಂಡತಿ ಮುದ್ದಾದ ಅಕ್ಷರದಲ್ಲಿ ನಿಯಮ ಪಾಲಿಸಿದ್ದಳು:

"ಸಿಕ್ಕ ಜಾಗ: ಗಂಡನ ಹೊಟ್ಟೆ, ಹೊಕ್ಕುಳಿನ ಪಕ್ಕ. ಹಿಡಿದವರು: ಹೆಂಡತಿ. ಆಗ ಗಂಡ ನಿದ್ದೆಯಲ್ಲಿದ್ದರು."